ಆರು ಕೋಟಿಯ ಡಿಬೆಂಚರ್: ಚಿಕ್ಕಮಗಳೂರಿನ ಒಂದು ಇಂಟರ್ನೆಟ್ ಕಂಪನಿ ಫಂಡ್ ಕೈಗೆ ಹೋದ ಪ್ರಕರಣ

ಹೂಡಿಕೆದಾರರ ದುಡ್ಡು ಒಟ್ಟು ಮಾಡಿ ಕಂಪನಿಗಳ ಪಾಲು ಕೊಳ್ಳುವ ಫಂಡ್‌ಗಳಿಗೆ ಪ್ರೈವೇಟ್ ಈಕ್ವಿಟಿ ಅನ್ನುತ್ತಾರೆ. ಚಿಕ್ಕಮಗಳೂರಿನವರಿಗೆ ಆ ಹೆಸರು ಹೊಸದಲ್ಲ. 2019ರ ಜುಲೈ ಕೊನೆಯಲ್ಲಿ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ಪತ್ರ ಹೊರಬಂತು. ಷೇರು ವಾಪಸ್ ಕೊಳ್ಳುವಂತೆ ಒಬ್ಬ ಪ್ರೈವೇಟ್ ಈಕ್ವಿಟಿ ಪಾಲುದಾರರಿಂದ ಒತ್ತಡವಿದೆ ಎಂಬ ಮಾತು ಅದರಲ್ಲಿತ್ತು. ಆಮೇಲೆ ಈ ಊರಲ್ಲಿ ‘ಫಂಡ್‌ನವರು ಬಂದಿದ್ದಾರೆ’ ಅಂದರೆ ಕೇಳಿದವರಿಗೆ ಮೊದಲು ನೆನಪಾಗುವುದು ಅದೇ ಪತ್ರ. ಅದೇ ಗುಂಪಿನ ಸಾಲ ಇಳಿಸಲು ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಿದಾಗ ಕೊಂಡವರಲ್ಲಿ ಬ್ಲ್ಯಾಕ್‌ಸ್ಟೋನ್ ಇತ್ತು, ಅದೂ ಪ್ರೈವೇಟ್ ಈಕ್ವಿಟಿಯೇ. ಆ ಭಾಗ ಊರಿನ ಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ತುಂಬಾ ಸಣ್ಣ ವ್ಯವಹಾರ. ಕೇಬಲ್ ಟಿವಿಯಿಂದ ಬೆಳೆದ ಒಂದು ಬ್ರಾಡ್‌ಬ್ಯಾಂಡ್ ಕಂಪನಿ, ನಡೆಸುತ್ತಿದ್ದವರು ಅಣ್ಣ-ತಮ್ಮ. ಸಾಲ ಕುತ್ತಿಗೆಗೆ ಬಂದಾಗ, 2022ರ ಕೊನೆಗೆ, ಶೇ 80ರಷ್ಟು ಪಾಲನ್ನು ಒಂದು ಫಂಡ್‌ಗೆ ಕೊಟ್ಟರು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೋ ಒಂದೇ ಕಂಪನಿಯ ಕಥೆಯಲ್ಲ. ಮಲೆನಾಡಿನಲ್ಲಿ ಇಂಥ ಕಂಪನಿಗಳು ನಡೆಯುವ ರೀತಿ, ಮಾರಾಟವಾಗುವ ರೀತಿ ಎರಡನ್ನೂ ಒಂದೇ ಪ್ರಕರಣವಾಗಿ ಹೆಣೆದಿದ್ದೇನೆ. ಕಂಪನಿಯ ಒಳಗಿನ ಅಂಕಿಗಳು ಲೆಕ್ಕ ಅರ್ಥವಾಗಲಿ ಎಂದು ಇಟ್ಟುಕೊಂಡವು. ಕಾನೂನು, ಸರ್ಕಾರಿ ಶುಲ್ಕ, ಹೊರಗಿನ ಇಸವಿಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಮಾರಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಶೇ 20 ಉಳಿಸಿಕೊಂಡೆವು ಎಂದು ಸಮಾಧಾನ ಪಟ್ಟರಲ್ಲ, ಲೆಕ್ಕ ತಪ್ಪಿದ್ದು ಅಲ್ಲಿ. ಹೇಗೆ ಅನ್ನುವುದು ಮುಂದೆ ಬರುತ್ತದೆ.

ಸಾಲ ಬಂದ ದಾರಿ

ಅಣ್ಣ-ತಮ್ಮ ಇಬ್ಬರೂ ತೊಂಬತ್ತರ ದಶಕದಲ್ಲಿ ಕೇಬಲ್ ಎಳೆದವರು. ಮಹಡಿ ಮೇಲೆ ಡಿಶ್, ಕೆಳಗೆ ಕಂಟ್ರೋಲ್ ರೂಮ್. ಅಣ್ಣ ಹಣಕಾಸು, ತಮ್ಮ ಲೈನು. ಕೇಬಲ್ ಡಿಜಿಟಲ್ ಆಗಬೇಕು ಎಂದು ಸರ್ಕಾರ ಗಡುವು ಹಾಕಿತು. ಚಿಕ್ಕಮಗಳೂರಿನಂಥ ಪಟ್ಟಣಗಳಿಗೆ 2015ರ ಡಿಸೆಂಬರ್ 31, ಉಳಿದ ಕಡೆಗೆ ಕೊನೆಗೆ 2017ರ ಮಾರ್ಚ್ 31. ಅಲ್ಲಿಂದ ಸಿಗ್ನಲ್ ದೊಡ್ಡ ಕಂಪನಿಯದು, ಸೆಟ್‌ಟಾಪ್ ಬಾಕ್ಸ್ ಅವರದು, ಊರಿನವರಿಗೆ ಉಳಿದದ್ದು ತಂತಿ ಮತ್ತು ವಸೂಲಿ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಹೊಸ ದರ ಬಂದು, ನೂರು ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ ಎಂದು ಗೆರೆ ಎಳೆದ ಮೇಲೆ ಟಿವಿಯಲ್ಲಿ ದುಡ್ಡಿಲ್ಲ ಅನ್ನುವುದು ಖಾತ್ರಿಯಾಯಿತು.

ಇಂಟರ್ನೆಟ್‌ಗೆ ಇಳಿಯುವುದು ಸುಲಭವಿತ್ತು. ‘ಸಿ’ ದರ್ಜೆಯ ಲೈಸೆನ್ಸ್‌ಗೆ ಆಗ ಪ್ರವೇಶ ಶುಲ್ಕ ಬರೀ 20,000 ರೂಪಾಯಿ. ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಜಾಗಕ್ಕೆ ಅದು ಸಾಕಿತ್ತು. ಇಡೀ ರಾಜ್ಯಕ್ಕಾದರೆ ‘ಬಿ’ ದರ್ಜೆ, 2 ಲಕ್ಷ. ದೇಶಕ್ಕೆಲ್ಲ ‘ಎ’ ದರ್ಜೆ, 30 ಲಕ್ಷ. ಹೀಗೆ ಒಳಗೆ ಬರುವ ಬಾಗಿಲು ಅಗ್ಗ. ಒಳಗೆ ಬಂದ ಮೇಲೆ ಖರ್ಚು ಬೇರೆಯೇ.

ಮೊದಲು ಮಾಮೂಲಿ ಲ್ಯಾನ್ ಕೇಬಲ್ ಎಳೆದರು, ಕಂಬಕ್ಕೊಂದು ಸ್ವಿಚ್ಚು. ಏಪ್ರಿಲ್-ಮೇ ಗುಡುಗು ಮಳೆಗೆ ಒಂದೇ ಸಂಜೆ ಸಾಲು ಸಾಲು ಸ್ವಿಚ್ಚು ಸುಟ್ಟುಹೋಗುತ್ತಿದ್ದವು. ಫೈಬರ್‌ಗೆ ಹೋಗದೆ ಗತಿ ಇರಲಿಲ್ಲ. ಮಲೆನಾಡಿಗೆ ಫೈಬರ್ ಹೇಳಿ ಮಾಡಿಸಿದ್ದು ಎಂದೇ ನನ್ನ ಅಭಿಪ್ರಾಯ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಕಚೇರಿಯ ಒಎಲ್‌ಟಿ ಯಂತ್ರದ ಒಂದು ಪೋರ್ಟ್‌ನಿಂದ ಹೊರಟ ಬೆಳಕು ಸ್ಪ್ಲಿಟರ್‌ನಲ್ಲಿ ಕವಲೊಡೆದು 64 ಮನೆಗೆ ಹೋಗುತ್ತದೆ, 20 ಕಿಲೋಮೀಟರ್ ದೂರದವರೆಗೂ. ನಡುವೆ ಎಲ್ಲೂ ವಿದ್ಯುತ್ ಬೇಡ. ಮೆಸ್ಕಾಂ ಕರೆಂಟು ಹೋದರೂ ಮನೆಯ ಡಬ್ಬಿಗೆ (ಫೈಬರ್ ಬಂದು ಸೇರುವ ಮೋಡೆಮ್) ಒಂದು ಸಣ್ಣ ಯುಪಿಎಸ್ ಇದ್ದರೆ ಇಂಟರ್ನೆಟ್ ನಡೆಯುತ್ತದೆ.

ಆದರೆ ದೂರ ದೂರವೇ. ಟೌನಿನ ಜಯನಗರದಲ್ಲೋ ವಿಜಯಪುರದಲ್ಲೋ ಒಂದು ಕಿಲೋಮೀಟರ್ ಎಳೆದರೆ ಮನೆಗಳ ಸಾಲೇ ಸಿಗುತ್ತದೆ. ಆಲ್ದೂರಿನ ಕಡೆ ತೋಟದ ದಾರಿಯಲ್ಲಿ ಅಷ್ಟೇ ಎಳೆದರೆ ಮೂರು ಮನೆ ಸಿಕ್ಕರೆ ಪುಣ್ಯ. ಮೇಲಿಂದ ಸಿಲ್ವರ್ ಓಕ್ ಕೊಂಬೆ ಬಿದ್ದರೆ ಆ ಮೂರೂ ಬಂದ್.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕೆಲಸದ ಮಕ್ಕಳೆಲ್ಲ ತೋಟದ ಮನೆಗೆ ಬಂದರು. ‘ಎಷ್ಟಾದರೂ ಕೊಡ್ತೀವಿ, ಲೈನ್ ಹಾಕಿ’ ಎಂಬ ಫೋನು ದಿನಾ. ಬಾಳೆಹೊನ್ನೂರು ರಸ್ತೆ, ಮೂಡಿಗೆರೆ ರಸ್ತೆ, ಕೈಮರದ ಕಡೆಯ ಹೋಂಸ್ಟೇಗಳು, ಎಲ್ಲ ಕಡೆ ಎಳೆದರು. ದುಡ್ಡು ಬಂದದ್ದು ನಾಲ್ಕು ಕಡೆಯಿಂದ: ಡಬ್ಬಿ ಮತ್ತು ಕೇಬಲ್ ಕೊಡುವವರ ಉದ್ದರಿ, ಫೈನಾನ್ಸ್ ಕಂಪನಿಯ ಸಾಲ, ಚೀಟಿ, ಮನೆಯ ಚಿನ್ನ. ಒಟ್ಟು 4.2 ಕೋಟಿ. ಸರಾಸರಿ ಬಡ್ಡಿ ಶೇ 18. ತೀರಿಸಬೇಕಾದ ಅವಧಿ ಎರಡು, ಹೆಚ್ಚೆಂದರೆ ಮೂರು ವರ್ಷ.

ಕಂಪನಿ ಮುರಿದದ್ದು ಇಲ್ಲೇ. ಹದಿನೈದು-ಇಪ್ಪತ್ತು ವರ್ಷ ಬಾಳುವ ಲೈನಿಗೆ ಎರಡು ವರ್ಷದ ಸಾಲ. ಗಿರಾಕಿ ಇದ್ದ, ಆದಾಯ ಇತ್ತು, ಆದರೆ ಲೈನು ದುಡಿದು ಕೊಡುವ ಮೊದಲೇ ಸಾಲ ಕೊಟ್ಟವನು ಬಾಗಿಲಲ್ಲಿ. ಅದೇ ಹೊತ್ತಿಗೆ ಜಿಯೋಫೈಬರ್ 399 ರೂಪಾಯಿಯ ಪ್ಲ್ಯಾನ್ ತಂದಿತ್ತು. ಇವರು ದರ ಏರಿಸುವ ಹಾಗಿಲ್ಲ. 2022ರ ಮೇನಿಂದ ರಿಸರ್ವ್ ಬ್ಯಾಂಕ್ ರೆಪೊ ದರ ಏರಿಸುತ್ತಾ ಹೋಯಿತು, ಶೇ 4 ಇದ್ದದ್ದು 2023ರ ಫೆಬ್ರವರಿಗೆ 6.5. ಹಳೆ ಸಾಲ ತೀರಿಸಲು ಹೊಸ ಸಾಲ ಎತ್ತುವ ಆಟವೂ ಅಲ್ಲಿಗೆ ನಿಂತಿತು. ಇಂಗ್ಲೆಂಡಿನಲ್ಲೂ ಸಣ್ಣ ಫೈಬರ್ ಕಂಪನಿಗಳು ಇದೇ ಕಾಲದಲ್ಲಿ ಇದೇ ಕಾರಣಕ್ಕೆ ಏದುಸಿರು ಬಿಟ್ಟವು. ಅಲ್ಲಿನ ಬ್ಯಾಂಕ್ ದರ 2021ರ ಕೊನೆಯವರೆಗೂ ಶೇ 0.1 ಇದ್ದದ್ದು 2023ರ ಆಗಸ್ಟ್‌ಗೆ 5.25 ಆಯಿತು. ಅಗ್ಗದ ಸಾಲ ನಂಬಿ ರಸ್ತೆ ಅಗೆದವರಿಗೆ ಎಲ್ಲ ಕಡೆ ಒಂದೇ ಪಾಡು.

ಬ್ಯಾಂಕಿಗೆ ಹೋಗಲಿಲ್ಲವೇ ಅಂತ ಕೇಳಬಹುದು. ಹೋದರು. ಕಂಬದ ಮೇಲಿನ ಕೇಬಲನ್ನು ಅಡಮಾನ ಇಟ್ಟುಕೊಳ್ಳಲು ಯಾವ ಮ್ಯಾನೇಜರಿಗೂ ಮನಸ್ಸಿಲ್ಲ. ಅಡಮಾನವಿಲ್ಲದ ಸಾಲಕ್ಕೆ ಸಣ್ಣ ಉದ್ಯಮಗಳ ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಯೋಜನೆಯ ಖಾತರಿ ಇದೆ, ಆದರೆ ಆಗ ಅದರ ಮಿತಿ 2 ಕೋಟಿ. ಅದು 5 ಕೋಟಿಗೆ ಏರಿದ್ದು 2023ರ ಏಪ್ರಿಲ್‌ನಲ್ಲಿ, ಇವರು ಸಹಿ ಹಾಕಿದ ಕೆಲವೇ ತಿಂಗಳಿಗೆ. ಅಯ್ಯೋ ಅನ್ನಿಸುತ್ತದೆ ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿದೆ. 4.2 ಕೋಟಿಯನ್ನು ಶೇ 11.5ರಂತೆ ಏಳು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 7.3 ಲಕ್ಷ. ಕಂಪನಿಯ ತಿಂಗಳ ಉಳಿಕೆ 8 ಲಕ್ಷ. ಕೈಯಲ್ಲಿ ನಿಲ್ಲುವುದು 70 ಸಾವಿರ. ಒಂದು ಜೋರು ಮಳೆಗಾಲ ಸಾಕು, ಅದೂ ಹೋಗಲು.

ರಾತ್ರಿ ಒಂಬತ್ತರ ಎಣಿಕೆ

ಫಂಡ್ ಕೊಳ್ಳುವ ಮೊದಲು ಪರಿಶೀಲನೆಗೆ ಜನ ಕಳಿಸಿತು. ಒಬ್ಬ ಚಾರ್ಟರ್ಡ್ ಅಕೌಂಟೆಂಟ್, ಒಬ್ಬ ಎಂಜಿನಿಯರ್. ಅಕೌಂಟೆಂಟ್ ಪುಸ್ತಕ ಕೇಳಿದ. ಎಂಜಿನಿಯರ್ ಪುಸ್ತಕ ಮುಟ್ಟಲಿಲ್ಲ, ಒಎಲ್‌ಟಿಯ ಪಾಸ್‌ವರ್ಡ್ ಕೇಳಿದ.

ಪ್ರತಿ ಮನೆಯ ಡಬ್ಬಿಯೂ ಒಎಲ್‌ಟಿ ಜೊತೆ ಸದಾ ಮಾತಾಡುತ್ತಿರುತ್ತದೆ. ಯಾವ ಡಬ್ಬಿ ಚಾಲೂ ಇದೆ, ಯಾವುದಕ್ಕೆ ಬೆಳಕು ಎಷ್ಟು ಬರುತ್ತಿದೆ, ಯಾವುದು ಎಂದಿನಿಂದ ಸತ್ತಿದೆ, ಎಲ್ಲ ಪರದೆಯ ಮೇಲೆ ಕಾಣುತ್ತದೆ. ರಾತ್ರಿ ಒಂಬತ್ತು ಎಂದರೆ ಊರೆಲ್ಲ ಮನೆಯಲ್ಲಿ, ಮೊಬೈಲ್ ಕೈಯಲ್ಲಿ. ಆ ಹೊತ್ತಿನ ಎಣಿಕೆಯನ್ನು ಒಂದು ತಿಂಗಳು ಬರೆದಿಟ್ಟುಕೊಂಡು, ದುಡ್ಡು ಕಟ್ಟಿದವರ ಪಟ್ಟಿಯ ಜೊತೆ ತಾಳೆ ನೋಡಿದ.

‘ಹನ್ನೊಂದು ಸಾವಿರ ಕನೆಕ್ಷನ್ ಅಂದಿದ್ರಿ ಸರ್.’

‘ಡಬ್ಬಿ ಕೊಟ್ಟಿರೋದು ಹನ್ನೊಂದು ಸಾವಿರ ಕಣ್ರೀ. ಎಲ್ಲ ಹಚ್ಕೊಂಡೇ ಇರ್ತಾರೆ ಅಂತ ನಾವೆಲ್ಲಿ ಹೇಳಿದ್ವಿ?’ ಎಂದ ತಮ್ಮ.

ಸಿಕ್ಕಿದ್ದು 8,400. ಉಳಿದ ಡಬ್ಬಿಗಳು ಮನೆ ಖಾಲಿ ಮಾಡಿ ಹೋದವರ ಕಪಾಟಿನಲ್ಲಿ, ಜಿಯೋ ಹಾಕಿಸಿಕೊಂಡವರ ಅಟ್ಟದಲ್ಲಿ, ಇನ್ನು ಕೆಲವು ಗೋಡೆಯ ಮೇಲೆ ಕೆಂಪು ಲೈಟ್ ಮಿನುಗಿಸುತ್ತಾ. ತಮ್ಮನ ಮಾತು ಸುಳ್ಳಲ್ಲ. ಈ ದಂಧೆಯಲ್ಲಿ ಎಲ್ಲರೂ ಡಬ್ಬಿಯನ್ನೇ ಎಣಿಸುತ್ತಾರೆ. ಕೊಳ್ಳುವವನು ಮಾತ್ರ ದುಡ್ಡು ಕಟ್ಟುವವರನ್ನು ಎಣಿಸುತ್ತಾನೆ.

ಈಗ ಲೆಕ್ಕ. ತಿಂಗಳಿಗೆ 500 ರೂಪಾಯಿ ಪ್ಲ್ಯಾನು, ಅದರ ಮೇಲೆ ಶೇ 18 ಜಿಎಸ್‌ಟಿ ಸರ್ಕಾರಕ್ಕೆ. ಟೌನಿನಲ್ಲಿ ನೇರ ಗಿರಾಕಿಗಳು 5,000, ಅಲ್ಲಿಂದ 25 ಲಕ್ಷ. ಉಳಿದ 3,400 ಜನ ಸುತ್ತಲಿನ ಸಣ್ಣ ಕೇಬಲ್ ಆಪರೇಟರ್‌ಗಳ ಕೈಕೆಳಗೆ. ಅವರ ಜೊತೆ ಅರ್ಧ-ಅರ್ಧ ಒಪ್ಪಂದ, ಹಾಗಾಗಿ ಅಲ್ಲಿಂದ 8.5 ಲಕ್ಷ. ಒಟ್ಟು 33.5 ಲಕ್ಷ. ಖರ್ಚು: ಬೆಂಗಳೂರಿನಿಂದ ತರುವ ಬ್ಯಾಂಡ್‌ವಿಡ್ತ್ 6 ಲಕ್ಷ, ಸಂಬಳ 9, ರಿಪೇರಿ 4.5, ಕಂಬದ ಬಾಡಿಗೆ-ಕರೆಂಟು-ಡೀಸೆಲ್-ಕಚೇರಿ ಸೇರಿ 3.3, ಲೈಸೆನ್ಸ್ ಶುಲ್ಕ ಶೇ 8ರಂತೆ 2.7. ಒಟ್ಟು 25.5. ಉಳಿದದ್ದು 8 ಲಕ್ಷ, ವರ್ಷಕ್ಕೆ 96 ಲಕ್ಷ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಈ ಲಾಭಕ್ಕೆ ಎಬಿಟ್‌ಡಾ ಅನ್ನುತ್ತಾರೆ. ಅದರಲ್ಲಿ ಶೇ 18ರ ಬಡ್ಡಿಯೇ 75.6 ಲಕ್ಷ ತಿನ್ನುತ್ತಿತ್ತು. ಅಸಲು ಕಟ್ಟಲು ಏನಿದೆ?

ಅಣ್ಣನ ಮನಸ್ಸಿನಲ್ಲಿದ್ದ ಬೆಲೆ ಬೇರೆ. ಕೇಬಲ್ ಕಾಲದಿಂದಲೂ ಊರಲ್ಲಿ ‘ಕನೆಕ್ಷನ್‌ಗೆ ಇಷ್ಟು’ ಅಂತಲೇ ಮಾತು. ಯಾರೋ ಯಾವುದೋ ಊರಲ್ಲಿ ಕನೆಕ್ಷನ್‌ಗೆ 15,000ದಂತೆ ಮಾರಿದರು ಎಂದು ಕೇಳಿದ್ದರು. ಹನ್ನೊಂದು ಸಾವಿರಕ್ಕೆ ಗುಣಿಸಿದರೆ 16.5 ಕೋಟಿ. ಫಂಡ್ ಹೇಳಿದ್ದು ಎಬಿಟ್‌ಡಾದ ಐದು ಪಟ್ಟು, ಜಗ್ಗಾಡಿದ ಮೇಲೆ ಆರು ಪಟ್ಟು, 5.76 ಕೋಟಿ. ಅದರಲ್ಲಿ ಸಾಲದ 4.2 ಕಳೆದರೆ ಕುಟುಂಬದ ಪಾಲು 1.56 ಕೋಟಿ. ಇಪ್ಪತ್ತೈದು ವರ್ಷದ ದುಡಿಮೆಗೆ. ಈ ಅಂಕಿ ಕೇಳಿದ ದಿನ ಮನೆಯಲ್ಲಿ ಊಟ ಸರಿಯಾಗಿ ಆಗಿರಲಾರದು.

ಫಂಡ್ ಮೋಸ ಮಾಡಿತೇ? ಇಲ್ಲ. ಕನೆಕ್ಷನ್ ಲೆಕ್ಕದಲ್ಲಿ ಸಾಲ ಕಾಣುವುದಿಲ್ಲ, ಅಷ್ಟೇ.

ಷೇರನ್ನೇ ಕೊಂಡದ್ದಕ್ಕೂ ಕಾರಣವಿದೆ. ಲೈಸೆನ್ಸ್ ಕಂಪನಿಯ ಹೆಸರಿನಲ್ಲಿದೆ. ಷೇರು ಕೈ ಬದಲಾದರೆ ಲೈಸೆನ್ಸ್ ಅಲ್ಲೇ ಇರುತ್ತದೆ. ಆದರೆ ಹಳೆ ಬಾಕಿಗಳೂ ಅಲ್ಲೇ ಇರುತ್ತವೆ. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಎಜಿಆರ್ (ಲೈಸೆನ್ಸ್ ಶುಲ್ಕಕ್ಕೆ ಲೆಕ್ಕ ಹಿಡಿಯುವ ಆದಾಯ) ತೀರ್ಪು ಕೊಟ್ಟು ದೊಡ್ಡ ಟೆಲಿಕಾಂ ಕಂಪನಿಗಳ ಮೇಲೆ ಭಾರಿ ಬಾಕಿ ಹೇರಿದ ಮೇಲೆ, ಲೈಸೆನ್ಸ್ ಶುಲ್ಕ ಯಾವ ಆದಾಯದ ಮೇಲೆ ಕಟ್ಟಿದ್ದೀರಿ ಎಂದು ಕೇಳದ ಕೊಳ್ಳುಗ ಇಲ್ಲ. ಇವರು ಆಪರೇಟರ್‌ಗಳ ಅರ್ಧ ಬಿಟ್ಟು ತಮ್ಮ ಅರ್ಧದ ಮೇಲಷ್ಟೇ ಕಟ್ಟಿದ್ದರು. ನಾಳೆ ಇಲಾಖೆ ಪೂರ್ತಿ ಆದಾಯದ ಮೇಲೆ ಕೇಳಿದರೆ? ಆ ಭಯಕ್ಕೆ 30 ಲಕ್ಷವನ್ನು ಎರಡು ವರ್ಷ ಎಸ್ಕ್ರೋ ಖಾತೆಯಲ್ಲಿ, ಅಂದರೆ ಮೂರನೆಯವರ ಸುಪರ್ದಿನಲ್ಲಿ, ಹಿಡಿದಿಟ್ಟರು.

ಕಾಗದದಲ್ಲಿ ಇದ್ದದ್ದು

ಒಪ್ಪಂದದ ಮೊದಲ ಪುಟ ಎಲ್ಲರಿಗೂ ಅರ್ಥವಾಗುವಂತಿತ್ತು. ಹಳೆ ಸಾಲ 4.2 ಕೋಟಿ ಪೂರ್ತಿ ಚುಕ್ತಾ. ಕುಟುಂಬಕ್ಕೆ ನಗದು 1 ಕೋಟಿ, ಅದರಲ್ಲೇ ಎಸ್ಕ್ರೋದ 30 ಲಕ್ಷವೂ ಸೇರಿತು. ಹೊಸ ಲೈನು, ಹೊಸ ಯಂತ್ರಕ್ಕೆ 3 ಕೋಟಿ. ಕುಟುಂಬದ ಉಳಿದ 56 ಲಕ್ಷ ಷೇರಾಗಿಯೇ ಮುಂದುವರಿಕೆ. ಫಂಡ್ ಹಾಕಿದ ಒಟ್ಟು ದುಡ್ಡು 8.2 ಕೋಟಿ.

ಆ 8.2 ಕೋಟಿ ಯಾವ ರೂಪದಲ್ಲಿ ಬಂತು ಅನ್ನುವುದು ಒಳಗಿನ ಪುಟಗಳಲ್ಲಿತ್ತು. ಷೇರಿಗೆ ಹಾಕಿದ್ದು 2.2 ಕೋಟಿ ಮಾತ್ರ. ಉಳಿದ 6 ಕೋಟಿ ಡಿಬೆಂಚರ್. ಅಂದರೆ ಸಾಲ. ಕಂಪನಿ ಫಂಡ್‌ಗೆ ಕೊಡಬೇಕಾದ ಸಾಲ, ಶೇ 14 ಬಡ್ಡಿಗೆ, ಐದು ವರ್ಷಕ್ಕೆ.

ಅಮೆರಿಕದಲ್ಲಿ ಫಂಡ್‌ಗಳು ಬ್ಯಾಂಕಿನಿಂದ ಸಾಲ ಎತ್ತಿ, ಅದನ್ನು ಕೊಂಡ ಕಂಪನಿಯ ತಲೆಗೇ ಕಟ್ಟುತ್ತವೆ. ನಮ್ಮಲ್ಲಿ ಷೇರು ಕೊಂಡು ಕಂಪನಿ ವಶಮಾಡಿಕೊಳ್ಳಲು ಸಾಲ ಕೊಡದಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳನ್ನು ಬಹುಕಾಲ ದೂರವೇ ಇಟ್ಟಿತ್ತು. ಆ ಬಾಗಿಲು ತೆರೆಯುವ ಪ್ರಸ್ತಾವ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಹಾಗಾಗಿ ಇಲ್ಲಿ ಫಂಡ್ ತನ್ನ ದುಡ್ಡನ್ನೇ ಅರ್ಧ ಸಾಲ, ಅರ್ಧ ಷೇರು ಅಂತ ಒಡೆದು ಹಾಕುವುದು ಮಾಮೂಲಿ. ಅಕ್ರಮವೇನಲ್ಲ.

ಹಳೆ ಸಾಲಕ್ಕೆ ವರ್ಷದ ಬಡ್ಡಿ 75.6 ಲಕ್ಷ ಇತ್ತು. ಹೊಸದಕ್ಕೆ 84 ಲಕ್ಷ. ಸಾಲ ತೀರಿತು ಎಂದು ಊರಿಗೆಲ್ಲ ಸಿಹಿ ಹಂಚಿದವರ ಕಂಪನಿಯ ಮೇಲೆ ನಿಜದಲ್ಲಿ ಸಾಲ ಜಾಸ್ತಿಯಾಗಿತ್ತು. ಒಂದೇ ವ್ಯತ್ಯಾಸ: ಈ ಬಡ್ಡಿಯನ್ನು ಪ್ರತಿ ತಿಂಗಳು ಕಟ್ಟಬೇಕಿಲ್ಲ. ಅಸಲಿಗೆ ಸೇರುತ್ತಾ ಹೋಗುತ್ತದೆ, ಕೊನೆಗೆ ಒಟ್ಟಿಗೆ. ಉಸಿರು ಕಟ್ಟಿದ್ದ ಕಂಪನಿಗೆ ಇದು ದೊಡ್ಡ ಉಪಕಾರವೇ, ಇಲ್ಲ ಅನ್ನಲಾರೆ. ಆದರೆ 6 ಕೋಟಿ ಶೇ 14ರಂತೆ ಚಕ್ರಬಡ್ಡಿಯಲ್ಲಿ ಐದು ವರ್ಷ ಬೆಳೆದರೆ 11.55 ಕೋಟಿ.

ಈಗ ಕುಟುಂಬದ ಶೇ 20 ನೋಡೋಣ. 2.2 ಕೋಟಿ ಫಂಡ್‌ದು, 56 ಲಕ್ಷ ಇವರದು. 2.76ರಲ್ಲಿ 56 ಲಕ್ಷ ಅಂದರೆ ಶೇ 20ರ ಮೇಲೆ ಚೂರು. ಐದನೇ ವರ್ಷ ಕಂಪನಿ ಮಾರಾಟವಾಗುತ್ತದೆ ಎಂದುಕೊಳ್ಳಿ. ಲಾಭ ಎರಡು ಪಟ್ಟಾಗಿ 2 ಕೋಟಿ ಮುಟ್ಟಿತು, ಎಂಟು ಪಟ್ಟು ಬೆಲೆ ಸಿಕ್ಕಿತು, 16 ಕೋಟಿ. ಮೊದಲು ಡಿಬೆಂಚರ್ 11.55 ಕೋಟಿ ಹೋಗುತ್ತದೆ. ಉಳಿದ 4.45 ಕೋಟಿಯಲ್ಲಿ ಕುಟುಂಬಕ್ಕೆ 90 ಲಕ್ಷ. ಇದು ಎಲ್ಲ ಸರಿ ಹೋದರೆ. ಲಾಭ 1.5 ಕೋಟಿಗೆ ನಿಂತು, ಏಳು ಪಟ್ಟು ಸಿಕ್ಕರೆ? 10.5 ಕೋಟಿ. ಡಿಬೆಂಚರಿಗೇ ಸಾಲದು. ಕುಟುಂಬಕ್ಕೆ ಸೊನ್ನೆ. ಲಾಭ ಒಂದೂವರೆ ಪಟ್ಟು ಬೆಳೆದ ಕಂಪನಿಯಲ್ಲಿ ಐದನೇ ಒಂದು ಪಾಲಿದ್ದವರಿಗೆ ಸೊನ್ನೆ!

ಬೇರೆ ದಾರಿ ಇತ್ತೇ? ಇತ್ತು. ಡಿಬೆಂಚರಿನ ಅರ್ಧ, 3 ಕೋಟಿಯನ್ನು ಷೇರಾಗಿ ಹಾಕಿ ಎಂದು ಹಠ ಹಿಡಿಯಬಹುದಿತ್ತು. ಆಗ ಫಂಡ್‌ನ ಷೇರು 5.2 ಕೋಟಿ, ಇವರ ಪಾಲು ಶೇ 10ಕ್ಕಿಂತ ಕಮ್ಮಿಗೆ ಇಳಿಯುತ್ತಿತ್ತು. ಕೇಳಲು ಅವಮಾನ. ಆದರೆ ಐದನೇ ವರ್ಷ ಡಿಬೆಂಚರ್ ಬರೀ 5.78 ಕೋಟಿ. ಕಂಪನಿ 10.5 ಕೋಟಿಗೆ ಮಾರಿದರೆ ಕುಟುಂಬಕ್ಕೆ 46 ಲಕ್ಷ, 16 ಕೋಟಿಗೆ ಮಾರಿದರೆ 99 ಲಕ್ಷ. ಪಾಲು ಅರ್ಧ, ದುಡ್ಡು ಎರಡೂ ಸಲ ಜಾಸ್ತಿ. ಮದುವೆ ಮನೆಯಲ್ಲಿ ಊಟದ ಎಲೆ ದೊಡ್ಡದಿದ್ದರೆ ಏನು ಬಂತು, ಕೊನೇ ಪಂಕ್ತಿಯಲ್ಲಿ ಕೂತರೆ ಪಾಯಸ ಉಳಿದಿರಬೇಕಲ್ಲ. ಅಣ್ಣ ಜಗ್ಗಾಡಿದ್ದೆಲ್ಲ ಎಲೆಯ ಅಳತೆಗೆ. ಶೇ 15 ಅಂದವರನ್ನು ಶೇ 20ಕ್ಕೆ ತಂದೆ ಎಂಬ ಹೆಮ್ಮೆ ಅವರಿಗೆ. ಫಂಡ್ ಆ ಐದನ್ನು ಸುಲಭವಾಗಿ ಬಿಟ್ಟುಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಇನ್ನೆರಡು ಷರತ್ತು. ಒಂದು, ಡ್ರ್ಯಾಗ್: ಐದು ವರ್ಷದ ನಂತರ ಫಂಡ್ ಯಾರಿಗೆ ಯಾವ ಬೆಲೆಗೆ ಮಾರಿದರೂ ಕುಟುಂಬ ತನ್ನ ಷೇರನ್ನು ಅದೇ ಬೆಲೆಗೆ ಜೊತೆಗೇ ಮಾರಬೇಕು. ಇನ್ನೊಂದು, ಐದು ವರ್ಷ ಜಿಲ್ಲೆಯಲ್ಲಿ ಇದೇ ದಂಧೆ ಮಾಡುವಂತಿಲ್ಲ. ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಉದ್ಯೋಗಕ್ಕೆ ಅಡ್ಡಿ ಮಾಡುವ ಕರಾರು ಅನೂರ್ಜಿತ. ಆದರೆ ವ್ಯವಹಾರದ ಗುಡ್‌ವಿಲ್, ಅಂದರೆ ಹೆಸರು ಮತ್ತು ಗಿರಾಕಿಯ ನಂಟು, ಮಾರಿದವರಿಗೆ ಆ ರಕ್ಷಣೆ ಇಲ್ಲ, ನಿರ್ಬಂಧ ನ್ಯಾಯವಾಗಿದ್ದರೆ ಸಾಕು. ಅಂದರೆ ಅಣ್ಣ-ತಮ್ಮನಿಗೆ ಅದು ಅಂಟುತ್ತದೆ. ಲೈನ್‌ಮ್ಯಾನ್‌ಗಳಿಗೆ ಅಂಟುವುದಿಲ್ಲ. ಇದು ಮುಂದೆ ಫಂಡ್‌ಗೇ ತಿರುಗಿ ಬಂತು.

ಐದು ವರ್ಷ ಯಾಕೆ? ಸೆಬಿ ನೋಂದಣಿಯ ಇಂಥ ಫಂಡ್‌ಗಳಿಗೂ ಅವಧಿ ಇರುತ್ತದೆ, ದುಡ್ಡು ಹಾಕಿದವರಿಗೆ ವಾಪಸ್ ಕೊಡಬೇಕು. ಒಂದು ಜಿಲ್ಲೆಯ ಕಂಪನಿಯನ್ನು ದೊಡ್ಡವರು ಕೊಳ್ಳುವುದಿಲ್ಲ, ನಾಲ್ಕೈದು ಜಿಲ್ಲೆ ಒಟ್ಟು ಮಾಡಿದರೆ ಕೊಳ್ಳಬಹುದು. ಬೆಂಗಳೂರಿನ ಬ್ರಾಡ್‌ಬ್ಯಾಂಡ್ ಕಂಪನಿ ಎಸಿಟಿ ಹೀಗೇ ಬೆಳೆದದ್ದು. ಇಂಡಿಯಾ ವ್ಯಾಲ್ಯೂ ಫಂಡ್ ಮೊದಲು ಬಂತು, ಹೈದರಾಬಾದಿನ ಬೀಮ್ ಟೆಲಿಕಾಂ ಜೊತೆ ಸೇರಿತು, ಆಮೇಲೆ ಟಿಎ ಅಸೋಸಿಯೇಟ್ಸ್, 2021ರಲ್ಲಿ ಸ್ವಿಟ್ಜರ್ಲೆಂಡಿನ ಪಾರ್ಟ್‌ನರ್ಸ್ ಗ್ರೂಪ್. ಆ ಹೊತ್ತಿಗೆ ಕಂಪನಿಯ ಮೌಲ್ಯ ಸುಮಾರು 120 ಕೋಟಿ ಡಾಲರ್. ಪ್ರತಿ ಮೆಟ್ಟಿಲಲ್ಲೂ ಒಂದು ಫಂಡ್ ಇನ್ನೊಂದು ಫಂಡ್‌ಗೆ ಮಾರುತ್ತದೆ. ಚಿಕ್ಕಮಗಳೂರಿನ ಫಂಡ್‌ನವರ ಕಣ್ಣಲ್ಲೂ ಅದೇ ಮೆಟ್ಟಿಲು. ಎಸಿಟಿ ಇದ್ದದ್ದು ಮಹಾನಗರದ ಅಪಾರ್ಟ್‌ಮೆಂಟುಗಳಲ್ಲಿ ಅನ್ನುವುದನ್ನು ಮರೆತಂತೆ ಕಾಣುತ್ತದೆ.

ಆಮೇಲೆ ಆದದ್ದು

ಒಳ್ಳೆಯದನ್ನು ಮೊದಲು ಹೇಳಬೇಕು. ಲೈನ್‌ಮ್ಯಾನ್‌ಗಳಿಗೆ ಮೊದಲ ಸಲ ಪಿಎಫ್, ಇಎಸ್‌ಐ ಬಂತು. ಹೆಲ್ಮೆಟ್, ಬೆಲ್ಟ್ ಬಂತು. ಕಂಬ ಹತ್ತುವವನಿಗೆ ಇದು ಸಣ್ಣ ಮಾತಲ್ಲ. ಕಲೆಕ್ಷನ್ ಹುಡುಗ ಪುಸ್ತಕ ಹಿಡಿದು ಮನೆ ಮನೆ ತಿರುಗುವುದು ನಿಂತು, ಗಿರಾಕಿ ಮೊಬೈಲಿನಲ್ಲೇ ಮುಂಗಡ ಕಟ್ಟತೊಡಗಿದ. ಬಾಕಿ ಎಂಬುದೇ ಇಲ್ಲವಾಯಿತು. ಫಂಡ್‌ನ ಕೈಯಲ್ಲಿದ್ದ ನಾಲ್ಕು ಜಿಲ್ಲೆಯ ಕಂಪನಿಗಳಿಗೆ ಒಟ್ಟಿಗೆ ಕೊಂಡಿದ್ದರಿಂದ ಬ್ಯಾಂಡ್‌ವಿಡ್ತ್ ಅಗ್ಗವಾಯಿತು. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನವರ ವೀಡಿಯೊ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ ಸರ್ವರುಗಳು ಜಾಲದ ಒಳಗೇ ಬಂದು ಕೂತವು. ಜನ ನೋಡುವ ವೀಡಿಯೊದ ಬಹುಪಾಲು ಅಲ್ಲಿಂದಲೇ ಸಿಕ್ಕಿಬಿಡುವುದರಿಂದ ಹೊರಗಿನಿಂದ ಕೊಳ್ಳುವ ಡೇಟಾ ಕಮ್ಮಿಯಾಯಿತು. ಬೆಂಗಳೂರಿಗೆ ಎರಡು ದಾರಿಯಾಯಿತು, ಕಡೂರು-ತಿಪಟೂರಿನ ಮೇಲೊಂದು, ಬೇಲೂರು-ಹಾಸನದ ಮೇಲೊಂದು. ಹೆದ್ದಾರಿ ಕೆಲಸದ ಜೆಸಿಬಿ ಒಂದು ಕಡೆ ಕಿತ್ತರೂ ಊರು ಪೂರ್ತಿ ಕತ್ತಲಾಗುವುದಿಲ್ಲ. ಅಣ್ಣ-ತಮ್ಮನಿಗೆ ಇದನ್ನು ಮಾಡಲು ಎಂದೂ ದುಡ್ಡು ಕೂಡಿರಲಿಲ್ಲ.

ಎಡವಿದ್ದು ಆಪರೇಟರ್‌ಗಳ ವಿಷಯದಲ್ಲಿ. ಅರ್ಧ ಪಾಲು ಜಾಸ್ತಿಯಾಯಿತು, ಶೇ 40 ಸಾಕು ಎಂದು ಬೆಂಗಳೂರಿನ ಕಚೇರಿ ಮೇಲ್ ಕಳಿಸಿತು. ಲೆಕ್ಕ ಸರಳ: 3,400 ಗಿರಾಕಿ, ತಲಾ 50 ರೂಪಾಯಿ, ತಿಂಗಳಿಗೆ 1.7 ಲಕ್ಷ ಉಳಿತಾಯ. ಆದರೆ ಕಂಬದಿಂದ ಮನೆಗೆ ಹೋಗುವ ಡ್ರಾಪ್ ಕೇಬಲ್ ಆಪರೇಟರನದು. ಗಿರಾಕಿ ಫೋನ್ ಮಾಡುವುದೂ ಅವನಿಗೇ. ಸ್ಪ್ಲಿಟರ್‌ನಿಂದ ಒಂದು ಎಳೆ ಕಿತ್ತು ಬೇರೆ ಕಂಪನಿಯ ಎಳೆಗೆ ಜೋಡಿಸಿದರೆ ಬೆಳಗಾಗುವಷ್ಟರಲ್ಲಿ ಗಿರಾಕಿ ಅವರವನು. ಮೊದಲಾಗಿದ್ದರೆ ತಮ್ಮ ಬೈಕು ಹತ್ತಿ ಹೋಗಿ, ಕಾಫಿ ಕುಡಿದು, ‘ಏನ್ರಪ್ಪಾ ನಿಮ್ಮ ಸಮಸ್ಯೆ’ ಎಂದು ಮುಗಿಸಿ ಬರುತ್ತಿದ್ದ. ಈಗ ಅವನ ಕೈಯಲ್ಲಿ ಅಧಿಕಾರವಿಲ್ಲ. 1,100 ಗಿರಾಕಿಗಳು ಹೋದರು. ಉಳಿದ 2,300 ಜನರಿಂದ ತಲಾ 300ರಂತೆ 6.9 ಲಕ್ಷ. ಮೊದಲು ಬರುತ್ತಿದ್ದದ್ದು 8.5. ಉಳಿಸಲು ಹೋಗಿ 1.6 ಲಕ್ಷ ಕಳೆದುಕೊಂಡರು. ಹಾಗೆ ಹೋದ ಆಪರೇಟರ್‌ಗಳಿಗೆ ಜೋಡಣೆ ಮಾಡಿಕೊಟ್ಟವನು ಕೆಲಸ ಬಿಟ್ಟ ಒಬ್ಬ ಹಳೆ ಲೈನ್‌ಮ್ಯಾನ್. 27ನೇ ಕಲಂ ಅವನ ಕಡೆಗಿತ್ತು.

ರಿಪೇರಿಯ ರೀತಿಯೂ ಬದಲಾಯಿತು. ಫೈಬರ್ ಜಾಯಿಂಟ್ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹೊದಿಕೆ ಸುಲಿದು, ಕೂದಲಿನಂಥ ಎಳೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ನೇರ ಕತ್ತರಿಸಿ, ಎರಡು ತುದಿಯನ್ನು ಯಂತ್ರದ ನಡುವೆ ಇಡಬೇಕು. ಒಂದು ಕಿಡಿ, ಪರದೆಯ ಮೇಲೆ ಬೆಳಕಿನ ನಷ್ಟ 0.02 ಅಂತ ಬಂದರೆ ಜಾಯಿಂಟ್ ಸರಿ. ಧೂಳು, ತೇವ ಎರಡೂ ಆಗುವುದಿಲ್ಲ. ಜುಲೈ ತಿಂಗಳ ಮಳೆಯಲ್ಲಿ ತೋಟದ ನಡುವೆ ತೇವ ಇಲ್ಲದ ಜಾಗ ಎಲ್ಲಿ? ತಮ್ಮ ಕಾರಿನ ಡಿಕ್ಕಿ ತೆರೆದು, ಮೇಲೆ ಕೊಡೆ ಹಿಡಿಸಿ, ಒಳಗೆ ಯಂತ್ರ ಇಟ್ಟು ಮಾಡುತ್ತಿದ್ದ. ಟಿಕೆಟ್ ಪದ್ಧತಿ ಬಂದ ಮೇಲೆ ತೋಟದ ಲೈನಿನ ದೂರು ಪಟ್ಟಿಯ ಕೊನೆಗೆ ಹೋಯಿತು. ಟೌನಿನ ಒಂದು ಜಾಯಿಂಟ್‌ಗೆ ಅರವತ್ತು ಮನೆ, ತೋಟದ ಒಂದು ಜಾಯಿಂಟ್‌ಗೆ ಮೂರು ಮನೆ. ಫಂಡ್‌ನ ಕಣ್ಣಲ್ಲಿ ಇದು ಸರಿಯೇ. 2023ರಲ್ಲಿ ಜಿಯೋ, ಏರ್‌ಟೆಲ್ ಎರಡೂ ಟವರ್‌ನಿಂದ ತಂತಿಯಿಲ್ಲದೆ ಬರುವ ಏರ್‌ಫೈಬರ್ ತಂದವು. ಆಮೇಲೆ ಟವರ್ ಕಾಣುವ ಗುಡ್ಡದ ಹೋಂಸ್ಟೇಗಳು ಒಂದೊಂದಾಗಿ ಅತ್ತ ಹೋದವು. ಟವರ್ ಕಾಣದ ಕಣಿವೆಯವರು ಮಾತ್ರ ಉಳಿದರು, ಬೈಯುತ್ತಾ.

ಈಗ ಇರುವ ಸ್ಥಿತಿ

ಮೂರು ವರ್ಷ ಕಳೆದ ಮೇಲೆ ವರ್ಷದ ಲಾಭ 1.25 ಕೋಟಿ. ಆಪರೇಟರ್‌ಗಳ ನಷ್ಟವನ್ನು ಅಗ್ಗದ ಬ್ಯಾಂಡ್‌ವಿಡ್ತ್ ಮತ್ತು ಟೌನಿನ ಹೊಸ ಗಿರಾಕಿಗಳು ತುಂಬಿಕೊಟ್ಟರು. ಏಳು ಪಟ್ಟು ಹಿಡಿದರೆ ಕಂಪನಿಯ ಬೆಲೆ 8.75 ಕೋಟಿ. ಡಿಬೆಂಚರ್ ಇಷ್ಟೊತ್ತಿಗೆ 8.89 ಕೋಟಿ. ಕಂಪನಿ ಮೊದಲಿಗಿಂತ ಚೆನ್ನಾಗಿದೆ, ಕುಟುಂಬದ ಪಾಲಿನ ಬೆಲೆ ಮಾತ್ರ ಇವತ್ತಿಗೆ ಸೊನ್ನೆ.

ಈ ಹೊತ್ತಿನಲ್ಲೇ ಫಂಡ್ ತನ್ನ ನಾಲ್ಕೂ ಜಿಲ್ಲೆಯ ಕಂಪನಿಗಳನ್ನು ಒಂದು ಮಾಡುವ ಕಾಗದ ಮುಂದಿಟ್ಟಿದೆ. ಇವತ್ತಿನ ಬೆಲೆಗೆ ಷೇರು ವಿನಿಮಯ. ಒಂದಾದ ಕಂಪನಿಯಲ್ಲಿ ಕುಟುಂಬಕ್ಕೆ ಶೇ 0.5ರಷ್ಟು ಪಾಲು. ಇವತ್ತಿನ ಬೆಲೆ ಸೊನ್ನೆ ಇರುವಾಗ ಅದೂ ದಾಕ್ಷಿಣ್ಯಕ್ಕೆ ಕೊಟ್ಟದ್ದೇ.

ಈ ಸಲ ಅಣ್ಣ ಬೆಂಗಳೂರಿನ ಒಬ್ಬ ವಕೀಲರನ್ನು ಹಿಡಿದಿದ್ದಾರೆ. ಮೊದಲ ಸಲ ಹಿಡಿದಿದ್ದರೆ ಅವರ ಫೀಸು ಎಷ್ಟೋ ಪಟ್ಟು ವಾಪಸ್ ಬರುತ್ತಿತ್ತು. ಪಾಲು ಎಷ್ಟು ಎಂದು ಈಗ ಯಾರೂ ಜಗ್ಗಾಡುತ್ತಿಲ್ಲ. ಕೇಳಿದ್ದು ಮೂರು. ವಿಲೀನದ ದಿನದಿಂದ ಡಿಬೆಂಚರಿನ ಬಡ್ಡಿ ನಿಲ್ಲಿಸಿ, ಅರ್ಧವನ್ನು 2022ರ ಬೆಲೆಗೆ ಷೇರು ಮಾಡಿ. ಎಸ್ಕ್ರೋದ 30 ಲಕ್ಷ ಬಿಡಿ, ಎರಡು ವರ್ಷ ದಾಟಿದೆ, ಇಲಾಖೆಯಿಂದ ನೋಟಿಸೂ ಬಂದಿಲ್ಲ. ತೋಟದ ಲೈನುಗಳು ನಿಮಗೆ ಬೇಡವಾದರೆ ಗುಜರಿ ಬೆಲೆಗೆ ನಮಗೇ ಕೊಡಿ, ಆ ಹಾದಿಗಳ ಮಟ್ಟಿಗೆ ದಂಧೆ ನಿರ್ಬಂಧ ಸಡಿಲಿಸಿ.

ಎಸ್ಕ್ರೋ ದುಡ್ಡು ಬಂತು. ತೋಟದ ಲೈನಿಗೆ ಫಂಡ್ ತಕ್ಷಣ ಹೂಂ ಅಂದಿತು, ನಷ್ಟದ ಸಾಲು ಪುಸ್ತಕದಿಂದ ಹೋದರೆ ಅವರಿಗೂ ಒಳ್ಳೆಯದೇ. ಆಲ್ದೂರು ಮತ್ತು ಕೈಮರದ ಕಡೆಯ ಹಾದಿಗಳನ್ನು ತಮ್ಮ ತೆಗೆದುಕೊಂಡಿದ್ದಾನೆ. ತೋಟದ ಮಾಲೀಕರು, ಹೋಂಸ್ಟೇಯವರು ಲೈನಿನ ಖರ್ಚನ್ನು ಮೊದಲೇ ಹಂಚಿಕೊಂಡು ಕೊಡಬೇಕು, ತಿಂಗಳ ಬಾಡಿಗೆ ಬರೀ ನಿರ್ವಹಣೆಗೆ ಎಂಬ ಲೆಕ್ಕದಲ್ಲಿ ನಡೆಸುತ್ತಿದ್ದಾನೆ. ಈ ಸಲ ಒಂದು ರೂಪಾಯಿ ಸಾಲ ಎತ್ತಿಲ್ಲ.

ಬಡ್ಡಿ ನಿಲ್ಲಿಸುವುದಿಲ್ಲ ಎಂದು ಫಂಡ್ ಖಚಿತವಾಗಿ ಹೇಳಿದೆ. ಅರ್ಧವನ್ನು ಷೇರು ಮಾಡುವ ಮಾತು ಇನ್ನೂ ನಡೆಯುತ್ತಿದೆ. ಫಂಡ್ ಹೇಳುತ್ತಿರುವುದು ಇವತ್ತಿನ ಬೆಲೆ, ವಕೀಲರು ಹೇಳುತ್ತಿರುವುದು 2022ರ ಬೆಲೆ. ವಿಲೀನಕ್ಕೆ ಕುಟುಂಬದ ಒಪ್ಪಿಗೆ ಬೇಕು ಎಂಬ ಒಂದು ಸಾಲು ಹಳೆ ಒಪ್ಪಂದದಲ್ಲಿ ಉಳಿದುಕೊಂಡಿದೆ. ಸದ್ಯಕ್ಕೆ ಅವರ ಕೈಯಲ್ಲಿರುವುದು ಅದೊಂದೇ, ಅದೂ 2027ರ ಕೊನೆಗೆ ಡ್ರ್ಯಾಗ್ ಷರತ್ತು ಜಾರಿಗೆ ಬರುವವರೆಗೆ.